ತಕರಾರು

ಮಂಡ್ಯ, ಕೋರ್ಟಿನೆದುರು, ನನ್ನದೊಂದು ಜೆರಾಕ್ಸ್ ಅಂಗಡಿ.
ಟೈಪಿಂಗ್, ಲ್ಯಾಮಿನೇಶನ್, ಛಾಪಾ ಕಾಗದಕ್ಕೆ ವಿಚಾರಿಸಿ.
ಮಷೀನಿನ ಬಿಸಿ ಬೆನ್ನ ಮೇಲೆ ಹನ್ನೊಂದು ವರ್ಷ
ಮಲಗಿದ್ದೇ ಅವನ ಉದ್ಯೋಗ.
ಹೆಸರಿಟ್ಟವರು ನೋಟರಿ ಹೊನ್ನಪ್ಪನವರು:
ಮರಿಯಿದ್ದಾಗ ಎತ್ತಿದರೂ ಕೂಗು, ಇಳಿಸಿದರೂ ಕೂಗು,
"ಇದೇನವ್ವ, ಎಲ್ಲದಕ್ಕೂ ತಕರಾರು ಇದರದ್ದು!"
ಅಂದದ್ದೇ ನಿಂತುಬಿಟ್ಟಿತು.

ಈಗ ಎರಡು ಕಿಲೋ ಇನ್ನೂರು ಗ್ರಾಂ.
ಬಟ್ಟಲ ಮುಂದೆ ಕೂತು
ನೀರನ್ನೇ ಓದುತ್ತಾನೆ, ಕುಡಿಯುವುದಿಲ್ಲ.

ಡಾಕ್ಟರ್ ಮುಬೀನಾ ಚಿಕ್ಕವಳು.
ರಿಪೋರ್ಟಿನ ಒಂದು ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿ
ಎರಡೂ ಕಿಡ್ನಿ, ಅಂದಳು.
ಸ್ವಲ್ಪ ಹೊತ್ತು ಬಿಟ್ಟು
ಡ್ರಾಯರಿನಿಂದ ಒಂದು ಹಾಳೆ ತೆಗೆದು
ನನ್ನ ಕಡೆ ತಿರುಗಿಸಿ ಇಟ್ಟಳು.
ಒಪ್ಪಿಗೆ ಪತ್ರ.

ಯಾವುದೋ ಕ್ರಯಪತ್ರದಿಂದ ಎತ್ತಿದ್ದಿರಬೇಕು,
ಇಪ್ಪತ್ತಾರು ವರ್ಷ ನಾನು ಹೊಡೆದ ಅದೇ ಸಾಲು:
'ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಚಿತ್ತದಿಂದ,
ಸ್ವಸಂತೋಷದಿಂದ ಒಪ್ಪಿ ಬರೆದುಕೊಟ್ಟಿರುತ್ತೇನೆ.'
ಭಾಗಕ್ಕೆ, ಭೋಗ್ಯಕ್ಕೆ, ಗಂಡ ಬಿಡುವುದಕ್ಕೆ
ಇದೇ ಸ್ವಸಂತೋಷ, ಪುಟಕ್ಕೆ ಇಪ್ಪತ್ತು ರೂಪಾಯಿ,
ಒಂದು ದಿನವೂ ಬೆರಳು ನಿಂತದ್ದಿಲ್ಲ.

'ದಯಾಮರಣ' ಇರಬೇಕಾದಲ್ಲಿ 'ದಾಯಮರಣ' ಅಂತಿತ್ತು.
ಹೊಡೆದು, ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ,
ಕೈಗೆ ಅದೊಂದು ರೂಢಿ.
ಕೆಳಗಿನ ದೊಡ್ಡ ಸಹಿಯ ಜಾಗ ಹಾಗೇ ಬಿಟ್ಟು
"ವಾಯಿದೆ ಕೊಡಿ ಡಾಕ್ಟ್ರೇ" ಅಂದೆ.

ಹತ್ತು ದಿನ ಸಿಕ್ಕಿತು.
ದೇವರ ಪಟದ ಮೊಳೆಗೆ ಸಲೈನ್ ಬಾಟಲಿ,
ದೇವರು ಕೆಳಗೆ, ಸ್ಟೇಪ್ಲರಿನ ಪಕ್ಕ.
ಕತ್ತಿನ ಹಿಂದಿನ ಚರ್ಮ ಡೇರೆಯ ಹಾಗೆ ಎತ್ತಿ
ಸೂಜಿ ತೂರಿಸುವುದ ಕಲಿತೆ.
ಕಾಲು ಹಿಡಿಯುವುದು ಟೀ ಹುಡುಗ ಸುಹೇಲ,
ಮೂರು ದಿನ ಅವನ ಕೈತುಂಬ ಗೀರು.
ನಾಲ್ಕನೆಯ ದಿನ ಒಂದೂ ಇಲ್ಲ.
"ಅಭ್ಯಾಸ ಆಗದೆ ಕಣಕ್ಕ" ಅಂದ.
ಹೂಂ ಅಂದೆ. ಇಬ್ಬರಿಗೂ ಗೊತ್ತಿತ್ತು.

ಪಹಣಿ ಜೆರಾಕ್ಸಿಗೆ ಬಂದವರೊಬ್ಬರು:
"ಬೆಕ್ಕಲ್ವೇನವ್ವ, ಗದ್ದೆ ಬಯಲಲ್ಲಿ ಬುಟ್ಬುಡು,
ಅದರ ಪಾಡಿಗದು ಓಯ್ತದೆ."
ಅವರ ಹೆಂಡತಿ:
"ಕೊಂದ್ರೆ ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕಾಯ್ತದೆ, ಹುಷಾರು."
ಎಷ್ಟಾಯ್ತು ಖರ್ಚು ಅಂದವರಿಗೆಲ್ಲ
ನಾಲ್ಕು ಸಾವಿರವನ್ನು ಇನ್ನೂರು ಅಂದೆ.

ಅಪ್ಪನ ಗಂಟಲಿಗೆ ಟ್ಯೂಬು ಇಳಿಸುವಾಗ
ನನ್ನನ್ನು ಯಾರೂ ಕೇಳಿರಲಿಲ್ಲ.
ಅಣ್ಣಂದಿರು ಸಹಿ ಹಾಕಿದ್ದರು.
ನಾನು ಪ್ರತಿ ತೆಗೆದುಕೊಟ್ಟಿದ್ದೆ, ಮೂರು ಸೆಟ್ಟು.

ಒಂಬತ್ತನೆಯ ದಿನ. ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ.
ತಕರಾರು ಮಷೀನಿಗೆ ಹಾರಲು ನೋಡಿದ,
ಹಿಂಗಾಲು ಬರಲಿಲ್ಲ.
ಬಿದ್ದು, ಯಾರೂ ನೋಡಲಿಲ್ಲವೆಂಬಂತೆ
ಪಂಜ ನೆಕ್ಕಿಕೊಂಡ.
ನಾನೂ ನೋಡಲಿಲ್ಲವೆಂಬಂತೆ
ಫೋನು ತೆಗೆದೆ.

ಮುಬೀನಾ ಅಂಗಡಿಗೇ ಬರುತ್ತಾಳೆ, ಐದಕ್ಕೆ.
ಸಹಿ ಆಗಿದೆ: ಚಿಕ್ಕಹೈದೇಗೌಡರ ಮಗಳು ಜಯಶೀಲ.
'ಸ್ವಸಂತೋಷದಿಂದ' ಎಂಬುದನ್ನು ಹೊಡೆದಿದ್ದೇನೆ,
ಅದರ ಜಾಗಕ್ಕೆ ಏನೂ ಬರೆದಿಲ್ಲ.
ಪಕ್ಕದಲ್ಲಿ ಚಿಕ್ಕ ಸಹಿ.

ಈಗ ಮೂರೂಮುಕ್ಕಾಲು.
ಎತ್ತಿ ಮಷೀನಿನ ಮೇಲೆ ಮಲಗಿಸಿದ್ದೇನೆ. ಕೂಗಲಿಲ್ಲ.
ಬಿಸಿ ಇಳಿಯದಿರಲೆಂದು
ಖಾಲಿ ಹಾಳೆ ಓಡಿಸುತ್ತಿದ್ದೇನೆ, ಒಂದಾದ ಮೇಲೊಂದು,
ಗಾಜಿನ ಮೇಲೆ ಏನೂ ಇಲ್ಲದ್ದರ ಪ್ರತಿ.
ಆಧಾರ್ ಹಿಡಿದು ಬಂದವರಿಗೆ
ಮಷೀನು ಕೆಟ್ಟಿದೆ ಅಂದೆ.
"ಓಡ್ತಾ ಅದಲ್ಲವ್ವ?" ಅಂದರು.
ಹೌದು,
ಕೆಟ್ಟಿದೆ, ಅಂದೆ.